ಕಟಕಟೆಯ ತಾಲೀಮು

ಹುಡುಗರಿಗೆ ಕ್ರಿಮಿನಲ್ ಕಾನೂನು ಕಲಿಸುವುದರಲ್ಲಿ ನನ್ನನ್ನು ಮೀರಿಸುವವರು ಮೂರು ಲೋಕದಲ್ಲೂ ಇಲ್ಲ. ನಾನು ಬಾಯಿ ತೆರೆದರೆ ಬಾಲಗೃಹದ ಫ್ಯಾನುಗಳೂ ತಿರುಗುವುದು ಬಿಟ್ಟು ಕೇಳುತ್ತಿದ್ದವು. ಆರೋಪಿ ಒಪ್ಪಿಕೊಂಡರೆ ಸಾಕ್ಷಿಯೇ ಬೇಡ ಎಂಬ ಪಾಠಕ್ಕೆ ಅಲ್ಲೇ ನಾಟಕದ ಕೋರ್ಟು ಕಟ್ಟಿದೆ. ಬಾಯಿ ಸತ್ತ ಹುಡುಗಿಯೊಬ್ಬಳನ್ನು ಕಟಕಟೆ ಹತ್ತಿಸಿ, "ಹೌದು ಸ್ವಾಮಿ, ನಾನೇ ಕದ್ದೆ" ಎಂಬ ಮಾತನ್ನು ಲಕ್ಷ ಸಲ ಹೇಳಿಸಿದೆ.

ಅವಳ ಮೇಲೆ ಸರ ಕದ್ದ ನಿಜವಾದ ಕೇಸೂ ಒಂದಿತ್ತು; ಆದರೆ ಅವಳು ಯಾರ ಸರವನ್ನೂ ಮುಟ್ಟಿರಲಿಲ್ಲ. ಇವತ್ತು ಅಸಲಿ ಮ್ಯಾಜಿಸ್ಟ್ರೇಟರು, "ಸರ ಕದ್ದೆಯೇನಮ್ಮ?" ಅಂದರು. ಹಿಂದಿನ ಬೆಂಚಿನಲ್ಲಿ ನನ್ನನ್ನು ಕಂಡದ್ದೇ ತಡ, ಬೆನ್ನು ನೆಟ್ಟಗೆ ಮಾಡಿ ಅದೇ ಮಾತನ್ನು ಒಪ್ಪಿಸಿಬಿಟ್ಟಳು.

"ಅಯ್ಯೋ, ಅದು ನಾಟಕದ್ದು ಕಣಮ್ಮಾ!" ಎಂದು ಕಿರುಚಿದೆ. ಗುಮಾಸ್ತ ಬರೆದುಕೊಂಡಾಗಿತ್ತು. ಪೇದೆ ನನ್ನ ರಟ್ಟೆ ಹಿಡಿದ.

ಅವಳು ನನ್ನತ್ತ ತಿರುಗಿ ನಗುತ್ತಾ ಕೇಳಿದಳು: "ಇನ್ನು ಮನೆಗೆ ಹೋಗ್ಬಹುದಾ, ಸರ್?"