ಆನೆಯ ಬೆನ್ನಿಗೆ ನವಿಲು

ಮಾತು ಕೊಟ್ಟವನು ಅಜ್ಜಪ್ಪ, ಸಿಕ್ಕಿಬಿದ್ದವಳು ಸರೋಜವ್ವ. ಅವರ ಸಂಸಾರದಲ್ಲಿ ಇದೇನೂ ಹೊಸದಲ್ಲ. ಮಗ ಬಸವೇಶನಿಗೆ ದುಂಡಸಿಯ ವಿದ್ಯಾಶ್ರೀಯನ್ನು ಗೊತ್ತು ಮಾಡಿದ ದಿನ ಬೀಗರ ಪಡಸಾಲೆಯಲ್ಲಿ ಹೋಳಿಗೆ ಊಟವಾಗಿ, ಸವಣೂರಿನ ಎಳೆ ವೀಳ್ಯದೆಲೆ ಬಾಯಿ ಸೇರಿ, ಅಜ್ಜಪ್ಪನ ನಾಲಿಗೆ ಸಡಿಲವಾಗಿತ್ತು. ಹುಡುಗಿಯ ಅಜ್ಜಿ ಚೌಡವ್ವ ಹಳೆಯದನ್ನು ನೆನೆದು, ಅಕ್ಕಿಆಲೂರಿನ ಫಕ್ಕೀರವ್ವ ಎರೆದ ಸಕ್ಕರೆ ಆರತಿಯನ್ನು ತಾನು ಹಿಂದೊಮ್ಮೆ ಕಣ್ಣಾರೆ ಕಂಡಿದ್ದೇನೆ, ಅಂಥದ್ದನ್ನು ಈಗ ಯಾರು ಮಾಡುತ್ತಾರೆ ಎಂದಳು. ಫಕ್ಕೀರವ್ವ ಅಜ್ಜಪ್ಪನ ತಾಯಿ. ಅವ್ವ ತೀರಿಹೋದರೂ ಅಚ್ಚುಗಳು ಮನೆಯಲ್ಲೇ ಇವೆ, ಗೌರಿ ಹುಣ್ಣಿಮೆಗೆ ನಿಮ್ಮ ಮನೆಗೆ ಅದೇ ಆರತಿ ಬರುತ್ತದೆ, ನಮ್ಮಾಕೆ ಎರೆಯುತ್ತಾಳೆ ಎಂದು ಅಜ್ಜಪ್ಪ ಎದೆಯುಬ್ಬಿಸಿ ಹೇಳಿಬಿಟ್ಟ. ನಮ್ಮಾಕೆಯಾದವಳು ಪಕ್ಕದಲ್ಲೇ ಕೂತು ಕಣ್ಣು ಕಣ್ಣು ಬಿಟ್ಟಳು.

ಈ ಸೀಮೆಯಲ್ಲಿ ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಕಡೆಯವರು ಗೌರಿ ಹುಣ್ಣಿಮೆಯಂದು ಸೀರೆ ಕುಪ್ಪಸದ ಜೊತೆ ಸಕ್ಕರೆ ಗೊಂಬೆಗಳನ್ನು ಒಯ್ಯುತ್ತಾರೆ. ಆನೆ, ನವಿಲು, ಬಸವಣ್ಣ, ಕಳಸ, ಹೀಗೆ. ಹುಡುಗಿ ಅವನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಗೌರಿಗೆ ಆರತಿ ಬೆಳಗಿ, ಆಮೇಲೆ ಮುರಿದು ಓಣಿಗೆಲ್ಲ ಹಂಚುತ್ತಾಳೆ. ಓಣಿಯ ಹೆಂಗಸರು ಆಗ ಬರೀ ಸಕ್ಕರೆಯ ರುಚಿ ನೋಡುವುದಿಲ್ಲ, ಅತ್ತೆಯಾಗುವವಳ ಕೈ ಎಂಥದೆಂದೂ ನೋಡುತ್ತಾರೆ.

ತನ್ನ ಕೈ ಎಂಥದೆಂದು ಸರೋಜವ್ವನಿಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅತ್ತೆ ಹೇಳಿದ್ದಷ್ಟೆ. ಮದುವೆಯಾಗಿ ಬಂದ ಮೊದಲ ಗೌರಿ ಹುಣ್ಣಿಮೆಗೆ, ಅಚ್ಚಿನಿಂದ ಆಗಷ್ಟೇ ಬಿಡಿಸಿಟ್ಟ ಗಿಳಿಯೊಂದನ್ನು ಅವಳು ಆಸೆಯಿಂದ ಎತ್ತಲು ಹೋದಾಗ ಫಕ್ಕೀರವ್ವ, "ಮುಟ್ಟಬ್ಯಾಡ, ಮುರೀತೈತಿ. ನಿನ್ನ ಕೈಗೆ ಇದು ಒಗ್ಗಂಗಿಲ್ಲ," ಎಂದಿದ್ದಳು. ಕೆಟ್ಟ ಹೆಂಗಸಲ್ಲ ಫಕ್ಕೀರವ್ವ. ಸೊಸೆಯ ಬಾಣಂತನವನ್ನು ಮುತುವರ್ಜಿಯಿಂದ ಮಾಡಿದವಳು, ಜ್ವರ ಬಂದಾಗ ರಾತ್ರಿಯೆಲ್ಲ ತಲೆ ಒತ್ತಿದವಳು. ಆದರೆ ಆ ಒಂದು ಮಾತನ್ನು ಆಡಿದವಳು ಮರೆತಳು, ಕೇಳಿದವಳು ಮರೆಯಲಿಲ್ಲ. ಸರೋಜವ್ವ ರೊಟ್ಟಿ ಬಡಿದಳು, ಶಾವಿಗೆ ಹೊಸೆದಳು, ಹಪ್ಪಳ ಲಟ್ಟಿಸಿದಳು. ಹೊಟ್ಟೆಗೆ ಬೇಕಾದ್ದಕ್ಕೆಲ್ಲ ಅವಳ ಕೈ ಮುಂದೆ. ಕಣ್ಣಿಗೆ ಚಂದ ಕಾಣಬೇಕಾದ್ದು ಯಾವುದೇ ಬರಲಿ, ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಹಬ್ಬದ ರಂಗೋಲಿಯನ್ನೂ ಓಣಿಯ ಹುಡುಗಿಯರನ್ನು ಕರೆದು ಹಾಕಿಸುತ್ತಿದ್ದಳು.

ಹುಣ್ಣಿಮೆಯ ಹಿಂದಿನ ದಿನ ಅಟ್ಟದಿಂದ ಗಂಟು ಇಳಿಯಿತು. ಸಾಗವಾನಿ ಕಟ್ಟಿಗೆಯ ಅಚ್ಚುಗಳು. ಎರಡೆರಡು ಹೋಳು ಸೇರಿದರೆ ಒಂದು ಗೊಂಬೆ. ಒಂದು ಹೋಳಿನಲ್ಲಿ ಗೊಂಬೆಯ ಎಡಮೈ, ಇನ್ನೊಂದರಲ್ಲಿ ಬಲಮೈ. ಫಕ್ಕೀರವ್ವ ಪ್ರತಿ ಜೋಡಿಯನ್ನೂ ದಾರ ಸುತ್ತಿ ಬಿಗಿದಿಟ್ಟಿದ್ದಳು. ಅಚ್ಚನ್ನು ನೀರಲ್ಲಿ ನೆನೆಯಿಡಬೇಕು, ಇಲ್ಲದಿದ್ದರೆ ಸಕ್ಕರೆ ಕಟ್ಟಿಗೆಗೆ ಅಂಟುತ್ತದೆ ಎಂಬುದನ್ನು ಸರೋಜವ್ವ ದೂರ ನಿಂತೇ ಕಲಿತಿದ್ದಳು. ದಾರವೆಲ್ಲ ಮಾಸಿ ಕಗ್ಗಂಟಾಗಿತ್ತು. ಅದನ್ನು ಕತ್ತರಿಸಿ ಎಸೆದು, ಇದ್ದ ಹೋಳುಗಳನ್ನೆಲ್ಲ ಒಂದೇ ಬೋಗುಣಿಗೆ ಸುರಿದು ನೀರು ಹೊಯ್ದಳು. ಆ ದಾರ ಯಾತಕ್ಕಿತ್ತು ಎಂದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಮಧ್ಯಾಹ್ನ ಸಕ್ಕರೆ ಕುದಿಯಿತು. ಹಾಲು ಹನಿಸಿ ಹೊಲಸು ತೆಗೆದಳು, ಬಟ್ಟೆಯಲ್ಲಿ ಸೋಸಿದಳು, ಮತ್ತೆ ಒಲೆಗೇರಿಸಿದಳು. ಪಾಕ ಬಂದಾಗ ಇಳಿಸಿ ಸೌಟಿನಿಂದ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದಳು. ಅಲ್ಲಿಗೆ ಬಂದ ಪಾಕ ಯಾರಿಗೂ ಕಾಯುವುದಿಲ್ಲ, ನೋಡುನೋಡುತ್ತ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಬೋಗುಣಿಗೆ ಕೈ ಹಾಕಿದಾಗ ಸರೋಜವ್ವನಿಗೆ ಆ ದಾರ ಯಾತಕ್ಕಿತ್ತೆಂದು ಹೊಳೆಯಿತು. ಹೋಳುಗಳೆಲ್ಲ ಒಂದೇ ಅಳತೆ. ಎಷ್ಟೋ ವರ್ಷ ಸಕ್ಕರೆ ಕುಡಿದು ಎಲ್ಲವೂ ಕರ್ರಗೆ. ಕೆತ್ತನೆ ಒಳಮುಖವಾಗಿರುವುದರಿಂದ ಅವಸರದ ಕಣ್ಣಿಗೆ ಎಲ್ಲವೂ ಬರೀ ಕುಳಿಗಳು. ಯಾವುದನ್ನು ಯಾವುದಕ್ಕೆ ಹಚ್ಚಿದರೂ ಅಂಚು ಸರಿಯಾಗಿ ಕೂಡುತ್ತಿತ್ತು. ಕೂಡಿದ್ದೇ ಜೋಡಿ ಎಂದುಕೊಂಡು ದಾರ ಬಿಗಿದಳು, ಎರೆದಳು.

ಆರಿದ ಮೇಲೆ ಮೊದಲ ಗೊಂಬೆಯನ್ನು ಬಿಡಿಸಿ ಮಣೆಯ ಮೇಲೆ ನಿಲ್ಲಿಸುವಾಗ ಅವಳು ನೋಡಿದ್ದು ಒಂದನ್ನೇ, ಮುರಿಯಿತೋ ಇಲ್ಲವೋ. ಮುರಿದಿರಲಿಲ್ಲ. ಅಕ್ಕಿ ಗಿರಣಿಯಿಂದ ಚಹಾಕ್ಕೆಂದು ಬಂದು ಹೊಸ್ತಿಲ ಹತ್ತಿರ ಕೂತಿದ್ದ ಅಜ್ಜಪ್ಪ, ಆನೆ ಭಾರಿ ಚಂದ ಬಂದಿದೆ, ಥೇಟ್ ಅವ್ವ ಮಾಡಿದ ಹಾಗೇ ಇದೆ ಎಂದ. ಅದೇ ಹೊತ್ತಿಗೆ ಹಿತ್ತಲ ಬಾಗಿಲಿಂದ ಒಳಗೆ ಬಂದ ಪಕ್ಕದ ಮನೆಯ ಚಾಂದಬಿ ತಡೆದು ನಿಂತಳು.

"ಆನಿ ಎಲ್ಲೈತ್ರಿ ಅಣ್ಣಾರ? ನವಿಲು ಅಲ್ಲೇನ್ರಿ ಅದು?"

ಅಜ್ಜಪ್ಪ ಸೊಂಡಿಲನ್ನು ತೋರಿಸಿದ. ಚಾಂದಬಿ ಗರಿ ತೋರಿಸಿದಳು. ವಯಸ್ಸಾಯಿತು, ಕಣ್ಣು ತೋರಿಸಿಕೋ ಎಂದು ಇವನು. ಹಾನಗಲ್ಲಿಗೆ ಕಣ್ಣಿನ ಡಾಕ್ಟರು ಬಂದಾಗ ನಿಮ್ಮ ಹೆಸರೇ ಮೊದಲು ಬರೆಸುತ್ತೇನೆ ಎಂದು ಅವಳು. ನಡುವೆ ಕೂತಿದ್ದ ಸರೋಜವ್ವನಿಗೆ ಇಬ್ಬರೂ ಸೇರಿ ತನ್ನನ್ನು ಆಡಿಕೊಳ್ಳುತ್ತಿದ್ದಾರೋ ಎಂಬ ಗುಮಾನಿ. ಕೊನೆಗೆ ಮಣೆಯನ್ನೇ ತಿರುಗಿಸಿದಳು. ಆನೆ ಹೋಗಿ ನವಿಲಾಯಿತು. ಮತ್ತೆ ತಿರುಗಿಸಿದಳು. ನವಿಲು ಹೋಗಿ ಆನೆಯಾಯಿತು. ಆನೆಯ ಹೊಟ್ಟೆ ಮುಗಿದಲ್ಲಿಂದಲೇ ನವಿಲಿನ ಗರಿ ಬಿಚ್ಚಿಕೊಂಡಿತ್ತು.

ಉಳಿದ ಅಚ್ಚುಗಳನ್ನೂ ಬಿಚ್ಚಿದಳು. ಬಸವಣ್ಣನ ಬೆನ್ನಿಗೆ ಗಿಳಿ. ಕುದುರೆಯ ಬೆನ್ನಿಗೆ ಕಳಸ. ಒಂದೂ ನೆಟ್ಟಗಿಲ್ಲ. ನಾಳೆ ಚೌಡವ್ವನ ಮುಂದೆ ಇಡಬೇಕಾದ ಆರತಿ ಇದು, ಫಕ್ಕೀರವ್ವನ ಮನೆಯ ಆರತಿ. ಒಗ್ಗಂಗಿಲ್ಲ ಎಂದಿದ್ದಳಲ್ಲ ಅತ್ತೆ, ಹಾಗೇ ಆಯಿತು. ಅಳಬೇಕು ಅನ್ನಿಸಿತು. ಅಳು ಬರಲಿಲ್ಲ, ನಗು ಬಂತು. ಸೆರಗು ಬಾಯಿಗೊತ್ತಿಕೊಂಡರೂ ನಿಲ್ಲದ ನಗು. ಯಾಕೆ ನಗುತ್ತಿದ್ದೇನೆಂದು ಅವಳಿಗೇ ತಿಳಿಯದೆ ಗಾಬರಿಯಾಯಿತು. ಅಜ್ಜಪ್ಪನಿಗಂತೂ ಹೆಂಡತಿಯ ತಲೆ ಕೆಟ್ಟಿತೆಂದೇ ಅನ್ನಿಸಿ, ಹಾನಗಲ್ಲಿನ ಪ್ಯಾಟಿಯಿಂದ ಕೊಂಡು ಒಯ್ದರಾಯಿತು ಎಂದು ಗೊಣಗಿದ. ಬಾಯಿಬಡಾಯಿ ಕೊಚ್ಚಿಕೊಂಡವನೇ ಮೊದಲು ಜಾರಿಕೊಳ್ಳುವುದು. ಸಕ್ಕರೆ ಎಲ್ಲಿಗೂ ಓಡಿಹೋಗಿಲ್ಲ, ಕರಗಿಸಿ ಮತ್ತೆ ಎರೆದರಾಯಿತು ಎಂದು ಚಾಂದಬಿ ಸಮಾಧಾನ ಹೇಳಿ ಹೋದಳು.

ಸರೋಜವ್ವ ಕರಗಿಸಿದಳು. ಈ ಸಲ ಹೋಳುಗಳನ್ನು ಅಂಗಳದ ಬೆಳಕಿಗೆ ಹರವಿ, ಬೆರಳಿಂದ ತಡವಿ, ಆನೆಗೆ ಆನೆ, ಗಿಳಿಗೆ ಗಿಳಿ ಎಂದು ಜೋಡಿ ಕೂಡಿಸಿದಳು. ಎರೆದ ಗೊಂಬೆಗಳು ನೆಟ್ಟಗೆ ಬಂದವು. ಎಲ್ಲಿಂದ ನೋಡಿದರೂ ಆನೆ ಆನೆಯೇ, ಗಿಳಿ ಗಿಳಿಯೇ. ನಿಟ್ಟುಸಿರು ಬಿಟ್ಟಳು. ಖುಷಿಯಾಗಬೇಕಿತ್ತು, ಆಗಲಿಲ್ಲ. ಪಾತ್ರೆಯ ತಳದಲ್ಲಿ ಇನ್ನಿಷ್ಟು ಪಾಕ ಉಳಿದಿತ್ತು. ಅವಳ ಕೈ ಕುದುರೆಯ ಒಂದು ಹೋಳನ್ನೂ ಗಿಳಿಯ ಒಂದು ಹೋಳನ್ನೂ ಎತ್ತಿಕೊಂಡಿತು. ಈ ಬಾರಿ ಯಾವ ಅವಸರವೂ ಇರಲಿಲ್ಲ, ತಪ್ಪಿತು ಎನ್ನಲು ನೆಪವೂ ಇರಲಿಲ್ಲ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬಾಗಿಲ ಕಡೆ ನೋಡಿ, ದಾರ ಬಿಗಿದು ಎರೆದಳು. ಆರಿದ ಮೇಲೆ ಬಿಚ್ಚಿದಳು. ಕುದುರೆಯ ಕತ್ತಿನ ಹಿಂದೆ ಗಿಳಿಯ ಕೊಕ್ಕು. ಎಷ್ಟು ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳೋ. ಇಷ್ಟು ವರ್ಷ ಇದೇ ಅಡಿಗೆಮನೆಯಲ್ಲಿ ಇದ್ದೂ ಇಂಥ ಸುಖವೊಂದು ಇಲ್ಲಿ ಇತ್ತೆಂದು ಯಾರೂ ಹೇಳಿರಲಿಲ್ಲವಲ್ಲ ಎಂದು ಸಿಟ್ಟು ಬಂತು. ಆಮೇಲೆ ನಾಚಿಕೆಯಾಗಿ ಅದನ್ನು ಮುರಿದು ಬಾಯಿಗೆ ಹಾಕಿಕೊಂಡಳು.

ಮೊದಲು ಬಂದ ಆನೆ-ನವಿಲನ್ನು ಮಾತ್ರ ಅವಳು ಕರಗಿಸಿರಲಿಲ್ಲ. ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದಳು. ಬೆಳಿಗ್ಗೆ ಬುಟ್ಟಿ ತುಂಬುವಾಗ ಅದನ್ನು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಬಸ್ಸು ಬಂತೆಂದು ಅಜ್ಜಪ್ಪ ಹೊರಗಿನಿಂದ ಕೂಗಿದಾಗ ಅದು ಬುಟ್ಟಿಯೊಳಗಿತ್ತು. ಹಾಗೇ ಬಟ್ಟೆ ಮುಚ್ಚಿ ಎದ್ದಳು. ಹಾನಗಲ್ಲಿಗೊಂದು ಬಸ್ಸು, ಶಿಗ್ಗಾಂವಿಗೊಂದು, ದುಂಡಸಿಗೆ ಮತ್ತೊಂದು. ದಾರಿಯುದ್ದಕ್ಕೂ ಬುಟ್ಟಿ ತೊಡೆಯ ಮೇಲಿತ್ತು, ಇದನ್ನು ಯಾಕೆ ತಂದೆ ಎಂಬ ಪ್ರಶ್ನೆಯೂ ಅದರ ಜೊತೆಗಿತ್ತು. ಉತ್ತರ ಶಿಗ್ಗಾಂವಿಯಲ್ಲೂ ಸಿಗಲಿಲ್ಲ.

ಬೀಗರ ಮನೆಯಲ್ಲಿ ಗೌರಿಯನ್ನು ಕೂರಿಸಿದ್ದರು. ಹೊತ್ತು ಇಳಿಯುತ್ತಲೂ ಓಣಿಯ ಹೆಂಗಸರು ಬಂದು ಕೂತರು. ಚೌಡವ್ವ ಕನ್ನಡಕ ಏರಿಸಿ ಒಂದೊಂದೇ ಗೊಂಬೆಯನ್ನು ಬುಟ್ಟಿಯಿಂದ ತೆಗೆದು, ಬೆಳಕಿಗೆ ಹಿಡಿದು, ತಟ್ಟೆಯಲ್ಲಿಟ್ಟಳು. ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ತಟ್ಟೆಯ ಆಚೆ ಬದಿಗೆ ವಿದ್ಯಾಶ್ರೀ ಕೂತಿದ್ದಳು. ಕೊನೆಯದನ್ನು ಚೌಡವ್ವ ಎತ್ತಿಟ್ಟು, ಇನ್ನೊಂದು ಆನೆಯೂ ಇದೆಯಲ್ಲ ಎಂದಳು. ವಿದ್ಯಾಶ್ರೀ ಅಜ್ಜಿಗೆ ಮೆಲ್ಲಗೆ, ಅದು ನವಿಲು, ಆಯಿ, ಎಂದಳು. ಚೌಡವ್ವ ಮೊಮ್ಮಗಳನ್ನು ನೋಡಿದಳು, ಗೊಂಬೆಯನ್ನು ತಿರುಗಿಸಿದಳು, ಮತ್ತೊಮ್ಮೆ ತಿರುಗಿಸಿದಳು. ಹೆಂಗಸರೆಲ್ಲ ಕತ್ತು ಚಾಚಿದರು.

"ಇದೇನು ಬೀಗ್ತಿ?"

ಹೇಳಲು ಸರೋಜವ್ವ ಬಸ್ಸಿನಲ್ಲಿ ಏನೇನೋ ಕೂಡಿಸಿಕೊಂಡಿದ್ದಳು. ಅದನ್ನೆಲ್ಲ ಬಿಟ್ಟು ಇದ್ದದ್ದನ್ನೇ ಹೇಳಿದಳು.

"ತಪ್ಪಿ ಬಂತ್ರಿ. ಖರೆ ಹೇಳಬೇಕಂದ್ರ, ಕೆಡಸಾಕ ಮನಸ್ಸಾಗಲಿಲ್ಲ."

ಚೌಡವ್ವ ಗೊಂಬೆಯನ್ನು ಮತ್ತೆ ತಟ್ಟೆಗಿಟ್ಟಳು. ಹಾಗಾದರೆ ಇದರಲ್ಲಿ ದೇವಿಯ ಕಡೆ ಮಾಡಬೇಕಾದ ಮುಖ ಯಾವುದು ಎಂದು ಕೇಳಿದಳು. ಅದು ಕುಚೋದ್ಯವೋ ನಿಜವಾದ ಅನುಮಾನವೋ ಸರೋಜವ್ವನಿಗೆ ತಿಳಿಯಲಿಲ್ಲ. ಆ ಮುದುಕಿಯ ಮುಖದಲ್ಲಿ ಏನನ್ನೂ ಓದಲಾಗುತ್ತಿರಲಿಲ್ಲ. ಅಜ್ಜಪ್ಪನನ್ನು ನೋಡಿದಳು. ಅವನು ತೊಲೆ ಎಣಿಸುತ್ತ ಕೂತಿದ್ದ. ಅಷ್ಟರಲ್ಲಿ ವಿದ್ಯಾಶ್ರೀ ಬಗ್ಗಿ, ಆಸೆಯಿಂದ ಗೊಂಬೆಯನ್ನು ಎತ್ತಲು ಕೈ ಚಾಚಿದಳು.

"ಮುಟ್ಟಬ್ಯಾಡ, ಮುರೀತೈತಿ."

ಯಾರು ಅಂದದ್ದು ಎಂದು ಸರೋಜವ್ವ ಸುತ್ತ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅದೇ ಮಾತು, ಅದೇ ದನಿ, ಹೊರಟದ್ದು ತನ್ನ ಬಾಯಿಂದ. ವಿದ್ಯಾಶ್ರೀ ಕೈ ಹಿಂದಕ್ಕೆ ತೆಗೆದುಕೊಂಡು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ಆ ಕೈ ಹಾಗೆ ಹಿಂದೆ ಹೋದದ್ದನ್ನು ಸರೋಜವ್ವ ನೋಡಿದಳು. ಒಮ್ಮೆ ಹಿಂದೆ ಹೋದ ಕೈ ಎಷ್ಟು ವರ್ಷ ಅಲ್ಲೇ ಇರುತ್ತದೆಂದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

"ಮುಟ್ಟವ್ವ," ಎಂದಳು. "ಮುರಿದ್ರ ಮುರೀಲಿ. ಮತ್ತ ಮಾಡೂಣು."

ವಿದ್ಯಾಶ್ರೀ ಅಜ್ಜಿಯ ಮುಖ ನೋಡಿ, ಅತ್ತೆಯ ಮುಖ ನೋಡಿ, ಹೆದರುತ್ತಲೇ ಎತ್ತಿದಳು. ಎತ್ತಿದಳೋ ಇಲ್ಲವೋ, ಆನೆಯ ಸೊಂಡಿಲು ಲಟಕ್ಕೆಂದು ಮುರಿದು ತಟ್ಟೆಗೆ ಬಿತ್ತು. ಹುಡುಗಿಯ ಕಣ್ಣಲ್ಲಿ ನೀರು ಬಂದೇ ಬಿಟ್ಟಿತು. ಸರೋಜವ್ವ ಆ ಚೂರನ್ನೆತ್ತಿ ಅವಳ ಬಾಯಿಗಿಟ್ಟಳು. ಆರತಿಗೆ ಮೊದಲೇ ತಿನ್ನುವುದುಂಟೇ ಎಂದು ಓಣಿಯ ಹೆಂಗಸೊಬ್ಬಳು ಪಿಸುಗುಟ್ಟಿದಳು. ಮುರುಕು ಗೊಂಬೆ ದೇವಿಗೆ ನಡೆಯುವುದಿಲ್ಲ, ಪಕ್ಕಕ್ಕಿಡು ಎಂದು ಚೌಡವ್ವ ಹೇಳಿದಳು. ವಿದ್ಯಾಶ್ರೀ ಸಕ್ಕರೆ ಚೀಪುತ್ತ ಗೊಂಬೆಯನ್ನು ಮೆಲ್ಲಗೆ ತಿರುಗಿಸಿದಳು, ಕಣ್ಣು ಕಿರಿದು ಮಾಡಿ ನೋಡಿದಳು.

"ಮುರಿದದ್ದು ಆನಿ, ಆಯಿ. ನವಿಲಿಗೆ ಏನೂ ಆಗಿಲ್ಲ. ದೇವಿ ಕಡೆ ನವಿಲು ಮಾಡೂಣು."

ಚೌಡವ್ವ ನಕ್ಕಳೋ ಕೆಮ್ಮಿದಳೋ ಸರೋಜವ್ವನಿಗೆ ಕೊನೆಗೂ ಗೊತ್ತಾಗಲಿಲ್ಲ. ಆದರೆ ತಟ್ಟೆಯ ನಡುವೆ ಜಾಗ ಮಾಡಿಕೊಟ್ಟವಳು ಅವಳೇ. ನವಿಲು ದೇವಿಯನ್ನು ನೋಡುತ್ತಿತ್ತು, ಸೊಂಡಿಲಿಲ್ಲದ ಆನೆ ವಿದ್ಯಾಶ್ರೀಯನ್ನು ನೋಡುತ್ತಿತ್ತು. ದೀಪ ಬೆಳಗುವಾಗ ಹುಡುಗಿ ನಗು ತಡೆದುಕೊಳ್ಳಲು ತುಟಿ ಕಚ್ಚಿದ್ದಳು. ಸರೋಜವ್ವನೂ ಸೆರಗು ಬಾಯಿಗೊತ್ತಿಕೊಂಡಳು.

ಮರುದಿನ ಅಕ್ಕಿಆಲೂರಿಗೆ ಬಂದ ಮೇಲೆ ಅಜ್ಜಪ್ಪ ತಾನಾಗಿ ಅಂಗಡಿಗೆ ಹೋಗಿ ಹೊಸ ದಾರದುಂಡೆ ತಂದ. ಅಂಗಳದಲ್ಲಿ ಆರಿದ್ದ ಹೋಳುಗಳ ಮುಂದೆ ಕೂತು, ಅವ್ವ ಕಟ್ಟುತ್ತಿದ್ದ ಹಾಗೇ ಆನೆಗೆ ಆನೆ ಕೂಡಿಸಿ ಸುತ್ತತೊಡಗಿದ. ಸರೋಜವ್ವ ಬಂದು ಅವನ ಕೈಯಿಂದ ಹೋಳುಗಳನ್ನು ತೆಗೆದುಕೊಂಡಳು.

"ಕಟ್ಟಬ್ಯಾಡ್ರಿ. ಆ ಹುಡುಗಿ ಬರ್ಲಿ. ಯಾವುದಕ್ಕ ಯಾವುದು ಅಂತ ಆಕೀನ ಹಚ್ಚಿ ನೋಡ್ಲಿ."

ಅಜ್ಜಪ್ಪನಿಗೆ ಏನೂ ಅರ್ಥವಾಗಲಿಲ್ಲ. ಬಿಚ್ಚಿದ್ದ ದಾರವನ್ನು ಮತ್ತೆ ಉಂಡೆಗೆ ಸುತ್ತತೊಡಗಿದ. ಸರೋಜವ್ವ ಹೋಳುಗಳನ್ನೆಲ್ಲ ಕಲಸಿ ಬಟ್ಟೆಯಲ್ಲಿ ಗಂಟು ಕಟ್ಟಿ, ಅಟ್ಟಕ್ಕೆ ಏರಿಸದೆ, ಅಡಿಗೆಮನೆಯಲ್ಲಿ ಕೈಗೆ ಸಿಗುವ ಹಾಗೆ ಇಟ್ಟಳು.