ಕ್ಷೌರದಂಗಡಿಯ ಪ್ರವಾದಿ

ನಮ್ಮ ಬೀದಿಯ ಕ್ಷೌರಿಕನಿಗೆ ಪ್ರವಾದಿ ಎಂಬ ಅಡ್ಡಹೆಸರು ಬಿದ್ದು ಬಹಳ ಕಾಲವಾಗಿತ್ತು. ಗಿರಾಕಿಯ ಮುಖಕ್ಕೆ ನೊರೆ ಹಚ್ಚಿ ಕತ್ತಿಯನ್ನು ಗಂಟಲ ಬಳಿ ತಂದಾಗಲೇ ಕ್ಷೌರಿಕನಿಗೆ ದೇವರ ಅಂತಿಮ ತೀರ್ಪಿನ ನೆನಪಾಗಿ ಉಪದೇಶ ಶುರುವಾಗುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಪಕ್ಕದ ಬೀದಿಯ ಅಂಗಡಿಗೆ ವಲಸೆ ಹೋದರು. ಅವನಿಗೆ ಅದರಿಂದ ಸಂತೋಷವೇ.

"ಲೋಕ ನಿಮ್ಮನ್ನ ದ್ವೇಷಿಸುತ್ತೆ ಅಂತ ಯೇಸುಸ್ವಾಮಿ ಮೊದಲೇ ಹೇಳಿದಾನೆ ಸರ್," ಎಂದು ಖಾಲಿ ಬೆಂಚನ್ನು ಹೆಮ್ಮೆಯಿಂದ ತೋರಿಸುತ್ತಿದ್ದ.

ಟವೆಲು ಒಣಹಾಕುತ್ತಿದ್ದ ಹೆಂಡತಿ ಸುಮ್ಮನಿರುವವಳಲ್ಲ. "ಲೋಕಕ್ಕೆ ಬೇರೆ ಕೆಲಸ ಇಲ್ವಾ? ಅದು ದ್ವೇಷ ಅಲ್ಲ ರೀ, ಪ್ರಾಣಭಯ. ಕತ್ತಿ ಕೆಳಗಿಟ್ಟು ಮಾತಾಡಿ ನೋಡಿ."

ನನಗೂ ಕುತೂಹಲ. ಬೀದಿಗೆ ಅವನ ಮೇಲೆ ನಿಜಕ್ಕೂ ದ್ವೇಷವಿತ್ತೇ? ನನಗೆ ಕಂಡಂತೆ ಇರಲಿಲ್ಲ. ಅವನು ಬಿಟ್ಟಿ ಮನರಂಜನೆ. "ಪ್ರವಾದಿಗಳೇ, ಸ್ವರ್ಗದಲ್ಲಿ ಕಟಿಂಗ್ ಯಾರು ಮಾಡ್ತಾರೆ?" ಎಂದು ಬೇಕರಿಯವನು ಕೇಳದ ದಿನವಿಲ್ಲ, ಕೇಳಿದ ಮೇಲೆ ಬಿಸಿ ಬನ್ನು ಕೊಡದ ದಿನವೂ ಇಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಕಟ್ಟಡದ ಯಜಮಾನನ ಮಗ ಮೂಲೆಯಲ್ಲಿ ಚಪ್ಪಲಿ ಹೊಲಿಯುವ ಮುದುಕನ ಕಾಲಿನ ಮೇಲೆ ಬೈಕು ಹತ್ತಿಸಿದ. ಬೀದಿಯ ಅಂಗಡಿಗಳೆಲ್ಲ ಆ ಯಜಮಾನನವೇ. ಪೊಲೀಸರು ವಿಚಾರಿಸಿದರೆ, ಏನು ಸೋಜಿಗವೋ, ಅಷ್ಟೂ ಅಂಗಡಿಯವರು ಆ ಹೊತ್ತಿಗೆ ಸರಿಯಾಗಿ ಬೆನ್ನು ತಿರುಗಿಸಿದ್ದರು.

ಕ್ಷೌರಿಕನನ್ನು ವಿಚಾರಿಸುವ ಮುಂಚೆ ಯಜಮಾನ ಖುದ್ದಾಗಿ ಬಂದು ಕುರ್ಚಿಯಲ್ಲಿ ಕೂತ. ನಾನು ಬೆಂಚಿನ ಮೇಲೆ ಪತ್ರಿಕೆ ಓದುವವನಂತಿದ್ದೆ.

"ಮುದುಕನೇ ಅಡ್ಡ ಬಂದ ಅಂದ್ಬಿಡಪ್ಪ. ನೀನು ದೈವಭಕ್ತ, ನಿನ್ನ ಮಾತಿಗೆ ತೂಕ ಜಾಸ್ತಿ."

"ಅವನು ಗೋಡೆಗೆ ಒರಗಿ ಕೂತಿದ್ದ ಯಜಮಾನ್ರೇ."

"ನಿಮ್ಮ ದೇವರು ಅಂಗಡಿ ಬಾಡಿಗೆಗೆ ಕೊಡ್ತಾನಾ?"

"ಇಲ್ಲ. ಆದ್ರೆ ಸುಳ್ಳು ಹೇಳಿ ಅವನ ಮುಂದೆ ಹೇಗೆ ನಿಲ್ಲಲಿ?"

 ಎಂದಿನ ಬೈಬಲ್ ವಚನ ಒಂದೂ ಬಾಯಿಗೆ ಬರಲಿಲ್ಲ.

ಪೊಲೀಸರಿಗೂ ಕಂಡದ್ದನ್ನೇ ಹೇಳಿದ. ಅಂಗಡಿ ಖಾಲಿ ಮಾಡುವಂತೆ ಮರುದಿನವೇ ಅಪ್ಪಣೆಯಾಯಿತು. ಯಜಮಾನನ ಸಿಟ್ಟು ಅರ್ಥವಾಗುವಂಥದು. ನನಗೆ ಬಿಡಿಸಲಾಗದ ಒಗಟು ಬೀದಿಯದು. ಬನ್ನು ನಿಂತಿತು. ಗೇಲಿಯೂ ನಿಂತಿತು. "ಇವನೊಬ್ಬ ಸತ್ಯವಂತ, ನಾವೆಲ್ಲ ಸುಳ್ಳರಾ?" ಎಂದು ಬೇಕರಿಯವನು ಗುಡುಗಿದ. ಪ್ರಶ್ನೆ ಚೆನ್ನಾಗಿತ್ತು, ಉತ್ತರ ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಗಂಟೆಗಟ್ಟಲೆ ನರಕ ವರ್ಣಿಸಿದಾಗ ನಕ್ಕವರು, ಮುದುಕ ಗೋಡೆಗೆ ಒರಗಿದ್ದ ಎಂಬ ಒಂದು ಮಾತನ್ನು ಕ್ಷಮಿಸಲಿಲ್ಲ.

"ನೀನು ಕಾಯ್ತಿದ್ದ ದ್ವೇಷ ಬಂತಲ್ಲಪ್ಪ, ಹೇಗಿದೆ?" ಎಂದು ಕೇಳಿಯೇಬಿಟ್ಟೆ.

"ಭಯ ಆಗುತ್ತೆ ಸರ್. ರಾತ್ರಿ ಇವಳ ಕೈ ಹಿಡ್ಕೊಂಡು ಮಲಗ್ತೀನಿ," ಎಂದ. ಹೆಮ್ಮೆಯ ಸುಳಿವೇ ಇರಲಿಲ್ಲ.

ಗಂಡ ಹೆಂಡತಿ ಆ ದೊಡ್ಡ ಕುರ್ಚಿಯನ್ನು ಮನೆಗೆ ಹೊರುವ ದಿನ ಯಾರೂ ಹತ್ತಿರ ಸುಳಿಯಲಿಲ್ಲ. ನಾನು ಒಂದು ಬದಿ ಹಿಡಿದೆ.

"ಬಿಡಿ ಸರ್, ನಿಮ್ಮನ್ನೂ ನಮ್ಮ ಜೊತೆ ಸೇರಿಸ್ಬಿಡ್ತಾರೆ."

"ನನಗೆ ನಿನ್ನಷ್ಟು ಭಕ್ತಿ ಇಲ್ಲ ಕಣಪ್ಪ."

"ಅದನ್ನ ಅವರು ಕೇಳಲ್ಲಣ್ಣ," ಎಂದಳು ಹೆಂಡತಿ.

ದಾರಿಯುದ್ದಕ್ಕೂ ಅವನು ಒಬ್ಬೊಬ್ಬರನ್ನೂ ಮಾತಾಡಿಸಿದ. "ದರ್ಜಿಯಣ್ಣ, ಮಗನ ಕೂದಲು ಕಣ್ಣಿಗೆ ಬರ್ತಿದೆ, ಮನೆಗೆ ಕಳಿಸಿ. ಅಕ್ಕಾ, ಮಾವನೋರಿಗೆ ನಡೆಯೋಕಾಗದಿದ್ರೆ ನಾನೇ ಬರ್ತೀನಿ." ವ್ಯಾಪಾರವೇ, ಕ್ಷಮೆಯೇ, ನನಗೆ ತಿಳಿಯಲಿಲ್ಲ. ದರ್ಜಿ ಹೊಲಿಗೆ ಯಂತ್ರದ ಮೇಲೆ ಇನ್ನಷ್ಟು ಬಗ್ಗಿದ.

ಬೇಕರಿಯವನು ಅವರಿಬ್ಬರನ್ನೂ ಹಾದುಹೋಗಲು ಬಿಟ್ಟ. ಹಿಂದಿನಿಂದ ಕುರ್ಚಿ ಹಿಡಿದಿದ್ದ ನಾನು ಎದುರಾದ ಮೇಲೆ, ನನ್ನನ್ನೇ ದಿಟ್ಟಿಸಿ, ಷಟರನ್ನು ದಡಾರನೆ ಎಳೆದ.