ಚಿಕ್ಕಮ್ಮ ತೀರಿಕೊಂಡ ದಿನದ ಬೆಲೆ

ಯಾರಾದರೂ ತೀರಿಕೊಂಡರೆ ನಮ್ಮೂರಿನಲ್ಲಿ ಒಂದು ಅಭ್ಯಾಸವಿದೆ. ಚರ್ಚಿನಿಂದ ಮನೆಗೆ ಬಂದವರಿಗೆ ಹ್ಯಾಮ್ ಸ್ಯಾಂಡ್‌ವಿಚ್ಚು, ಚಹಾ ಕೊಟ್ಟ ಮೇಲೆ ಮನೆಯವರು ಕಣ್ಣೊರೆಸಿಕೊಂಡು, "ನೆನಪಿಗೆ ಅಂತ ಏನಾದ್ರೂ ಒಂದು ತಗೊಂಡು ಹೋಗಿ" ಎನ್ನುತ್ತಾರೆ. ಬಂದವರು "ಅಯ್ಯೋ, ಅದೆಲ್ಲಾ ಯಾಕೆ" ಎನ್ನುತ್ತಲೇ ಒಂದನ್ನು ಎತ್ತಿಕೊಳ್ಳುತ್ತಾರೆ. ಇಂಗ್ಲೆಂಡಿನ ವಿಟ್ಬಿಯ ಹತ್ತಿರ, ಸಮುದ್ರಕ್ಕೆ ಇಳಿಯುವ ಮೆಟ್ಟಿಲು ಬೀದಿಯಲ್ಲಿ ನಾನು ಅರವತ್ತು ವರ್ಷ ಕಳೆದಿದ್ದೇನೆ. ಹೀಗೆ ಎತ್ತಿಕೊಂಡು ಬಂದ ಒಂಬತ್ತು ಚಹಾ ಕಪ್ಪುಗಳು ನನ್ನ ಮನೆಯಲ್ಲಿವೆ. ಒಂದಕ್ಕೊಂದು ಹೊಂದುವುದಿಲ್ಲ.

ಪಕ್ಕದ ಮನೆಯ ಎನಿಡ್ ಚಿಕ್ಕಮ್ಮ ಮಾರ್ಚ್ ತಿಂಗಳಲ್ಲಿ ತೀರಿಕೊಂಡರು. ತೊಂಬತ್ತೊಂದು ವರ್ಷ. ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಅಕ್ಕನ ಮಗಳು ರೋವೆನಾ ಇಪ್ಪತ್ತು ವರ್ಷದಿಂದ ಅವರ ಜೊತೆಯಲ್ಲೇ ಇದ್ದು ನೋಡಿಕೊಂಡಿದ್ದಳು. ಬಂದರಿನ ಅಂಗಡಿಯಲ್ಲಿ ಮೀನು ಕರಿಯುವ ಕೆಲಸ ಅವಳದು. ಮನೆ, ಸಾಮಾನು, ಬ್ಯಾಂಕಿನಲ್ಲಿದ್ದ ಚೂರುಪಾರು ಹಣ, ಎಲ್ಲವೂ ಅವಳಿಗೇ ಎಂದು ಉಯಿಲಿನಲ್ಲಿತ್ತು. ರೋವೆನಾ ಮೆತ್ತನೆಯ ಮನಸ್ಸಿನವಳು. ಅಂತ್ಯಕ್ರಿಯೆಯ ದಿನ ಅವಳೂ ಎಲ್ಲರಂತೆ "ನೆನಪಿಗೆ ತಗೊಳ್ಳಿ" ಅಂದಳು. ಸಂಜೆಯ ಹೊತ್ತಿಗೆ ಕಪಾಟುಗಳು ಅರ್ಧ ಖಾಲಿ. ನಾನು ಬಿಡುತ್ತೇನೆಯೇ? ಅಂಗಿ ಗುಂಡಿ ತುಂಬಿದ ಒಂದು ಹಳೇ ತಗಡಿನ ಡಬ್ಬಿ ಎತ್ತಿಕೊಂಡು ಬಂದೆ.

ಒಂದು ವಾರದ ಮೇಲೆ ರೋವೆನಾ ನಮ್ಮ ಅಡುಗೆಮನೆಗೆ ಬಂದು ಕೂತಳು. ಮುಖ ಸುಣ್ಣದಂತಾಗಿತ್ತು. ಹಿಂದೆಯೇ ಅವಳ ಅಣ್ಣ ಡಗ್ ಬಂದ.

"ಮ್ಯೂರಿಯಲಕ್ಕಾ, ಮನೆ ಮಾರಬೇಕಾಗತ್ತೇನೋ" ಅಂದಳು.

"ಯಾಕೇ? ಏನಾಯ್ತು?"

ತೀರಿಕೊಂಡವರ ಮನೆ, ಹಣ ಮುಟ್ಟಬೇಕಾದರೆ ಕೋರ್ಟಿನ ಅಪ್ಪಣೆ ಬೇಕು. ಅದಕ್ಕೆ ಪ್ರೊಬೇಟ್ ಎನ್ನುತ್ತಾರೆ. ಆ ಅರ್ಜಿಯಲ್ಲಿ ಅವರ ಆಸ್ತಿಯ ಒಟ್ಟು ಬೆಲೆ ಬರೆದು, ಇದು ನಿಜ ಎಂದು ಸಹಿ ಹಾಕಬೇಕು. ಮಕ್ಕಳಿಲ್ಲದ ಚಿಕ್ಕಮ್ಮನಂಥವರ ಆಸ್ತಿ ಮೂರು ಲಕ್ಷದ ಇಪ್ಪತ್ತೈದು ಸಾವಿರ ಪೌಂಡ್ ದಾಟಿದರೆ, ದಾಟಿದ ಭಾಗದಲ್ಲಿ ನೂರಕ್ಕೆ ನಲವತ್ತು ಸರ್ಕಾರಕ್ಕೆ ಹೋಗುತ್ತದೆ. ಮನೆ ಮತ್ತು ಬ್ಯಾಂಕಿನ ಹಣ ಸೇರಿ ಮೂರು ಲಕ್ಷದ ಹದಿಮೂರು ಸಾವಿರ ಆಗಿತ್ತು. ಉಳಿದದ್ದು ಹನ್ನೆರಡು ಸಾವಿರದ ಜಾಗ. ಮನೆಯೊಳಗಿನ ಸಾಮಾನು ಅದರೊಳಗೆ ಹಿಡಿಸಬೇಕಿತ್ತು.

ರೋವೆನಾ ಒಂದು ಮಡಚಿದ ಕಾಗದ ಮೇಜಿನ ಮೇಲಿಟ್ಟಳು. ಚಿಕ್ಕಮ್ಮ ಎಂದೋ ಮಾಡಿಸಿದ್ದ ವಿಮೆಯ ಪಟ್ಟಿ. ನಿಲುವು ಗಡಿಯಾರಕ್ಕೆ ಹನ್ನೊಂದು ಸಾವಿರ. ಓಕ್ ಬೀರುವಿಗೆ ಒಂಬತ್ತು. ನಮ್ಮ ಕಡಲ ದಂಡೆಯಲ್ಲಿ ಸಿಗುವ ಜೆಟ್ ಎಂಬ ಕಪ್ಪು ಕಲ್ಲಿನ ಹಾರಕ್ಕೆ ನಾಲ್ಕು. ಹೀಗೆ ಒಟ್ಟು ಐವತ್ತೆರಡು ಸಾವಿರ.

"ಇದನ್ನ ಬರೆದ್ರೆ ಹದಿನಾರು ಸಾವಿರ ತೆರಿಗೆ. ಬ್ಯಾಂಕಲ್ಲಿರೋದು ಒಂಬತ್ತು. ನಾನೆಲ್ಲಿಂದ ತರ್ಲಿ?"

ಡಗ್ ನಕ್ಕುಬಿಟ್ಟ. "ನಿನ್ ತಲೆ! ಆ ಕಾಗದ ಒಲೆಗೆ ಹಾಕು. ಮನೆ ಸಾಮಾನು ಐನೂರು ಪೌಂಡು ಅಂತ ಬರಿ. ಎಲ್ರೂ ಐನೂರೇ ಬರಿಯೋದು. ಯಾವನ್ ಬಂದು ಚಮಚ ಎಣಿಸ್ತಾನೆ?"

"ಅದೂ ಸರಿನೇ ಕಣೇ. ನಮ್ಮತ್ತೆ ಹೋದಾಗ ನಾವೂ ಐನೂರೇ ಬರೆದಿದ್ದು" ಅಂದೆ ನಾನು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

"ಸಹಿ ನಂದು ಅಲ್ವಾ ಅಕ್ಕಾ?" ಅಂದಳು ರೋವೆನಾ. "ಸುಳ್ಳು ಅಂತ ಗೊತ್ತಾದ್ರೆ ದಂಡ ನನ್ ಕೈಯಿಂದ ಹೋಗತ್ತೆ. ಚಿಕ್ಕಮ್ಮನ ಹೆಸರಲ್ಲಿ ನಾನು ಸುಳ್ಳು ಬರೀಲಾ?"

ಅವಳು ಯಾರ ಮಾತನ್ನೂ ಕೇಳಲಿಲ್ಲ. ವಿಟ್ಬಿಯ ಹರಾಜು ಮನೆಗೆ ಫೋನ್ ಮಾಡಿ, ಡಗ್ ಹೇಳಿದ ಐನೂರನ್ನೂ ಬಿಡದೆ ಎಲ್ಲಾ ಹೇಳಿದಳು. ಗುರುವಾರ ಲೆಡ್ಲಿ ಎಂಬ ಹೆಂಗಸು ಬಂದರು. ಗಿಡ್ಡನೆಯ ಮೈಕಟ್ಟು, ಮಣ್ಣು ಮೆತ್ತಿದ ಬೂಟು, ಕೊರಳಲ್ಲಿ ಭೂತಗನ್ನಡಿ. ತೀರಿಕೊಂಡವರ ಸಾಮಾನಿಗೆ ಬೆಲೆ ಕಟ್ಟುವುದೇ ಅವರ ಮೂವತ್ತು ವರ್ಷದ ಕಸುಬು. ಒಂದು ದಿನಕ್ಕೆ ಇಂತಿಷ್ಟು ಶುಲ್ಕ ಎಂದು ಮೊದಲೇ ಹೇಳಿ ಒಳಗೆ ಬಂದರು.

ಬಂದವರು ಸಾಮಾನು ನೋಡಲೇ ಇಲ್ಲ. ಗೋಡೆ ನೋಡಿದರು. ಕಪಾಟಿನ ಧೂಳಿನ ಮೇಲೆ ಬೆರಳು ಆಡಿಸಿದರು.

"ಇಲ್ಲಿ ಮೂರು ಹೂಜಿ ಇತ್ತು. ದೊಡ್ಡದು, ನಡುವಿಂದು, ಸಣ್ಣದು. ಇಲ್ಲೊಂದು ಅಗಲವಾದ ತಟ್ಟೆ, ಅಂಚು ಮುರಿದಿದ್ದು. ಗೋಡೆ ಮೇಲೆ ಒಂದು ಚಿತ್ರ, ಬಹಳ ವರ್ಷ ಇತ್ತು. ಎಲ್ಲಾ ಎಲ್ಲಿ ಹೋಯ್ತಮ್ಮಾ?"

ರೋವೆನಾ, ಡಗ್, ನಾನು ಮೂವರೂ ಆ ಧೂಳಿನತ್ತ ಬಗ್ಗಿದೆವು. ತಟ್ಟೆಯ ಅಂಚು ಮುರಿದದ್ದು ಬರೀ ಧೂಳಿನ ಗುರುತಿನಲ್ಲಿ ಹೇಗೆ ಕಂಡಿತು ಎಂದು ನನಗೆ ಇವತ್ತಿಗೂ ಬೆರಗು.

ರೋವೆನಾ ಮೆಲ್ಲಗೆ ಹೇಳಿದಳು: "ನೆನಪಿಗೆ ಅಂತ ಕೊಟ್ಬಿಟ್ಟೆ."

"ಆಯ್ತು. ಅದನ್ನ ಆಮೇಲೆ ನೋಡೋಣ" ಅಂದರು ಲೆಡ್ಲಿ. ವಿಮೆಯ ಪಟ್ಟಿ ಓದಿ ಕನ್ನಡಕ ಮೇಲೇರಿಸಿದರು. "ಇದು ಕಳೆದುಹೋದ್ರೆ ಅಂಗಡಿಯಿಂದ ಹೊಸದಾಗಿ ತರೋ ಬೆಲೆ. ನಿಮಗೆ ಅದು ಬೇಡ. ಡಗ್ ಅವರ ಐನೂರೂ ಬೇಡ. ನಿಮ್ಮ ಚಿಕ್ಕಮ್ಮ ತೀರಿಕೊಂಡಿದ್ದು ಯಾವತ್ತು?"

"ಮಾರ್ಚ್ ಹನ್ನೊಂದು."

"ಮಾರ್ಚ್ ಹನ್ನೊಂದನೇ ತಾರೀಕು ಈ ವಸ್ತುನ ಹರಾಜಿಗೆ ಇಟ್ಟಿದ್ರೆ ಎಷ್ಟು ಬರ್ತಿತ್ತು? ಅಷ್ಟೇ ಪ್ರಶ್ನೆ. ಕೊಂಡಾಗ ಎಷ್ಟು ಕೊಟ್ರು ಅನ್ನೋದಲ್ಲ. ಮುಂದೆ ಎಷ್ಟಾಗತ್ತೆ ಅನ್ನೋದೂ ಅಲ್ಲ. ಆ ದಿನದ ಬೆಲೆ."

ಗಡಿಯಾರದ ಬಾಗಿಲು ತೆಗೆದರು, ಒಳಗೆ ಇಣುಕಿದರು, ಹಿಂದಿನ ಹಲಗೆ ತಟ್ಟಿದರು. "ಆರುನೂರು" ಅಂದರು.

ಡಗ್ ಕುರ್ಚಿಯಿಂದ ಎದ್ದ. "ಆರುನೂರಾ? ಹನ್ನೊಂದು ಸಾವಿರದ ಗಡಿಯಾರ ಮೇಡಂ ಅದು! ನಮ್ಮಜ್ಜಿ ತಾತನದು!"

"ಮನೆ ಸಾಮಾನೆಲ್ಲಾ ಸೇರಿ ಐನೂರು ಅಂತ ನೀವೇ ಹೇಳಿದ್ರಂತಲ್ಲ?"

ಡಗ್ ಕುಳಿತುಕೊಂಡ. ರೋವೆನಾ ಎಷ್ಟೋ ದಿನದ ಮೇಲೆ ನಕ್ಕಳು. ಇಂಥ ದೊಡ್ಡ ಗಡಿಯಾರ, ದೊಡ್ಡ ಬೀರು ಈಗಿನ ಸಣ್ಣ ಮನೆಗಳಲ್ಲಿ ಯಾರಿಗೂ ಬೇಡವಂತೆ. ಬೀರು ಮುನ್ನೂರೈವತ್ತಕ್ಕೆ ನಿಂತಿತು.

ಆದರೆ ಹಾರದ ಡಬ್ಬಿ ತೆರೆದಾಗ ಒಳಗೆ ಏನೂ ಇರಲಿಲ್ಲ. ಲೆಡ್ಲಿ ಪೆನ್ನು ಕೆಳಗಿಟ್ಟರು.

"ರೋವೆನಾ, ಆ ದಿನ ಈ ಮನೇಲಿ ಇದ್ದಿದ್ದೆಲ್ಲಾ ಲೆಕ್ಕಕ್ಕೆ ಬರತ್ತೆ. ಹೊರಗೆ ಹೋದ್ರೂ ಬರತ್ತೆ. ನಾನು ನೋಡದೆ ಬೆಲೆ ಹೇಳಲ್ಲ. ನೀವು ತಿಳೀದೆ ಸಹಿ ಹಾಕ್ಬೇಡಿ. ಎಲ್ಲರನ್ನೂ ಕೇಳಿ, ತಂದು ತೋರ್ಸಿ ಅನ್ನಿ."

ರೋವೆನಾ ಅಂಚೆ ಕಚೇರಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು. ಚಿಕ್ಕಮ್ಮನ ಮನೆಯಿಂದ ನೆನಪಿಗೆ ತೆಗೆದುಕೊಂಡು ಹೋದವರು ಶನಿವಾರ ಬೆಳಗ್ಗೆ ಒಮ್ಮೆ ತಂದು ತೋರಿಸಬೇಕು, ಯಾರ ಮೇಲೂ ತಪ್ಪು ಹೊರಿಸುವುದಿಲ್ಲ ಎಂದು ಬರೆದಿದ್ದಳು.

"ಒಂದು ನರಪಿಳ್ಳೆನೂ ಬರಲ್ಲ ನೋಡು" ಅಂದ ಡಗ್. ಅದನ್ನು ಹೇಳುವಾಗ ಅವನು ನಮ್ಮ ಮುಖ ನೋಡಲಿಲ್ಲ.

ನಾನು ಮನೆಗೆ ಬಂದೆ. ಅಡುಗೆಮನೆಯ ಕಿಟಕಿಯ ಕಡೆ ಕಣ್ಣು ಹೋಯಿತು. ಗುಂಡಿ ಡಬ್ಬಿಯ ತಳದಲ್ಲಿ ಧೂಳು ಹಿಡಿದ ಕಪ್ಪು ಮಣಿಸರವೊಂದು ಸಿಕ್ಕಿತ್ತು. ಗಾಜು ಅಂದುಕೊಂಡು ಅದರಿಂದ ಪರದೆ ಕಟ್ಟಿದ್ದೆ! ಜೆಟ್ ಅಗೆಯುವ ಊರಿನಲ್ಲಿ ಹುಟ್ಟಿ, ಜೆಟ್ ಮಾರುವ ಅಂಗಡಿಗಳ ಮುಂದೆ ದಿನವೂ ಓಡಾಡಿ, ನನ್ನ ಬುದ್ಧಿ ಇಷ್ಟೇ. ಕೂಡಲೇ ಸರ ಬಿಚ್ಚಿದೆ. ಕದ್ದವಳು ಅಂದುಕೊಂಡರೆ? ಅವರ ಮನೆ ಬಾಗಿಲ ಸಂದಿಯಲ್ಲಿ ತೂರಿಸಿ ಬಂದುಬಿಡೋಣ ಎಂದೂ ಅನ್ನಿಸಿತು. ಆಮೇಲೆ ರೋವೆನಾಳ ಸಹಿ ನೆನಪಾಯಿತು.

ಶನಿವಾರ ಬೆಳಗ್ಗೆ ಡಬ್ಬಿ ಹಿಡಿದು ಹೊರಗೆ ಬಂದರೆ ನನಗೆ ಕಾಲಿಡಲು ಜಾಗವಿಲ್ಲ. ಚಿಕ್ಕಮ್ಮನ ಬಾಗಿಲಿನಿಂದ ಕೆಳಗೆ ದೋಣಿ ಕಟ್ಟೆಯವರೆಗೆ, ಮೆಟ್ಟಿಲ ಮೇಲೆ, ಜನ ಸಾಲುಗಟ್ಟಿ ನಿಂತಿದ್ದರು. ಮೂವತ್ತೇಳು ಜನ. ಒಬ್ಬರ ಕೈಯಲ್ಲಿ ಹೂಜಿ, ಒಬ್ಬರ ಕೈಯಲ್ಲಿ ಮೊಟ್ಟೆ ಬಟ್ಟಲು. ಪಾದ್ರಿಯ ಹೆಂಡತಿ ಟೀ ಪಾತ್ರೆ ಆರದಿರಲಿ ಎಂದು ಹೊದಿಸುವ ಉಣ್ಣೆ ಟೋಪಿ ಹಿಡಿದಿದ್ದಳು. ಮೀನುಗಾರ ಸೆತ್ ಮುದುಕ ಒಂದು ಜೊತೆ ಕೈಗವಸು ತಂದಿದ್ದ. ಯಾರೂ ಕರೆಯಲು ಹೋಗಿರಲಿಲ್ಲ, ಹೆದರಿಸಿರಲಿಲ್ಲ. ಇಷ್ಟು ವರ್ಷ ನೋಡಿದ ಇದೇ ಜನವೇ ಇವರು ಎಂದು ನನ್ನ ಕಣ್ಣು ತುಂಬಿ ಬಂತು.

ಲೆಡ್ಲಿ ಮೇಜು ಹಾಕಿ ಕೂತಿದ್ದರು. ಪ್ರತಿಯೊಂದನ್ನೂ ಮಗುಚಿ ತಳ ನೋಡಿ ಬರೆದುಕೊಂಡರು. "ನಲವತ್ತು." "ಎರಡು ಪೌಂಡ್." ಸಣ್ಣಪುಟ್ಟದ್ದನ್ನೆಲ್ಲಾ ಒಟ್ಟಿಗೆ ಒಂದು ಸಾಲಿನಲ್ಲಿ ಸೇರಿಸಿದರು.

ಸೆತ್ ಕೈಗವಸು ಚಾಚಿದ. "ಇದಕ್ಕೆಷ್ಟಮ್ಮಾ?"

"ಏನೂ ಬರಲ್ಲ ತಾತ."

"ಬದುಕಿಕೊಂಡೆ" ಅಂದ ಸೆತ್. ಸಾಲೆಲ್ಲಾ ನಕ್ಕಿತು.

ನನ್ನ ಸರದಿ ಬಂತು. ಪರದೆಯ ಕಥೆ ಪೂರ್ತಿ ಹೇಳಿದೆ. ರೋವೆನಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಲೆಡ್ಲಿ ನಗಲಿಲ್ಲ. ಸರವನ್ನು ಒರೆಸಿ ಕೆನ್ನೆಗೆ ಒತ್ತಿಕೊಂಡರು.

"ಗಾಜಾಗಿದ್ರೆ ತಣ್ಣಗಿರತ್ತೆ. ಇದು ತಣ್ಣಗಿಲ್ಲ. ನೀವೇ ನೋಡಿ."

ಕೆನ್ನೆಗಿಟ್ಟುಕೊಂಡೆ. ಏಪ್ರಿಲ್ ತಿಂಗಳ ಆ ಚಳಿಗಾಳಿಯಲ್ಲಿ ಅದು ಬೆಚ್ಚಗಿತ್ತು. ಹದಿನೆಂಟು ಕೋಟಿ ವರ್ಷದ ಹಿಂದೆ ನೀರಿಗೆ ಬಿದ್ದ ಮರ ಕೆಸರಿನಡಿ ಒತ್ತಿ ಒತ್ತಿ ಜೆಟ್ ಆಗುತ್ತದೆ ಎಂದು ಶಾಲೆಯಲ್ಲಿ ನಾವೆಲ್ಲಾ ಬಾಯಿಪಾಠ ಮಾಡಿದವರೇ. ಬಾಯಿಪಾಠ ಬೇರೆ, ಆ ಮರ ನಮ್ಮ ಕೆನ್ನೆಗೆ ತಾಗುವುದು ಬೇರೆ. ಮನುಷ್ಯರೇ ಇಲ್ಲದ ಕಾಲದಲ್ಲಿ ಬಿಸಿಲು ಕಾಯಿಸಿಕೊಂಡ ಮರವದು. ಅದರಲ್ಲಿ ನಾನು ಪರದೆ ಕಟ್ಟಿದ್ದೆ. ಸರ ಸಾಲಿನುದ್ದಕ್ಕೂ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಕೆನ್ನೆಗಿಟ್ಟುಕೊಂಡು ನೋಡಿ ಮುಂದಿನವರಿಗೆ ಕೊಟ್ಟರು. ತಿರುಗಿ ಬಂದಾಗ ಲೆಡ್ಲಿ ನಾನೂರೈವತ್ತು ಎಂದು ಬರೆದರು.

ಎಲ್ಲರದೂ ಮುಗಿಯಿತು. ಮನೆಯಲ್ಲಿದ್ದುದು, ಹೊರಗಿನಿಂದ ಬಂದುದು ಸೇರಿ ಆರು ಸಾವಿರದ ಮುನ್ನೂರು. ರೋವೆನಾ ಉಸಿರು ಬಿಟ್ಟಳು. ಆಗ ಬಾಗಿಲಲ್ಲಿ ಡಗ್ ಕಂಡ. ಕಂಬಳಿ ಸುತ್ತಿದ ಏನನ್ನೋ ಕಂಕುಳಲ್ಲಿ ಹಿಡಿದಿದ್ದ. ಬಿಚ್ಚಿದರೆ ಗೋಡೆಯ ಮೇಲಿದ್ದ ಚಿತ್ರ, ಅಲೆಗಳ ನಡುವೆ ಒಂದು ಮೀನುದೋಣಿ.

"ಇದು ನಿಂಗೇ ಕಣೋ ಅಂತ ಚಿಕ್ಕಮ್ಮ ಸಾವಿರ ಸಲ ಹೇಳಿದ್ರು. ಅದಕ್ಕೇ ಅವತ್ತೇ ಎತ್ತಿಟ್ಕೊಂಡೆ" ಅಂದ.

"ಹೇಳಿದ್ರು, ಕೊಡಲಿಲ್ಲ" ಅಂದರು ಲೆಡ್ಲಿ. "ಕೊನೇ ದಿನದವರೆಗೂ ಅವರ ಗೋಡೆ ಮೇಲೇ ಇತ್ತು. ಅದು ಅವರದೇ. ಲೆಕ್ಕಕ್ಕೆ ಬರತ್ತೆ."

ಭೂತಗನ್ನಡಿ ಹಿಡಿದು ಚಿತ್ರದ ಮೂಲೆಯನ್ನು ಬಹಳ ಹೊತ್ತು ನೋಡಿದರು. ಹಿಂಬದಿ ನೋಡಿದರು. ಮತ್ತೆ ಮುಂದೆ ತಿರುಗಿಸಿದರು. ಇನ್ನು ಉಳಿದಿದ್ದು ಐದು ಸಾವಿರದ ಏಳುನೂರರ ಜಾಗ. ಇದರ ಬೆಲೆ ಅದಕ್ಕಿಂತ ಹೆಚ್ಚಾದರೆ ತೆರಿಗೆ. ಬಾಗಿಲಲ್ಲಿ ನಿಂತಿದ್ದವರೆಲ್ಲಾ ಒಳಗೆ ಇಣುಕಿದರು. ರೋವೆನಾ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

"ಇದನ್ನ ಬರೆದವನು ಈ ಕರಾವಳಿಯವನೇ. ಕೈ ಒಳ್ಳೇದು. ಎರಡು ಸಾವಿರದ ಎಂಟುನೂರು."

ಡಗ್ ಗೋಡೆಗೆ ಒರಗಿಕೊಂಡ. "ಇದನ್ನ ನಾನು ಗ್ಯಾರೇಜಲ್ಲಿ ಪೇಂಟ್ ಡಬ್ಬಿ ಹಿಂದೆ ಇಟ್ಟಿದ್ದೆ" ಅಂದ. ಆಮೇಲೆ ತಂಗಿಯ ಕಡೆ ತಿರುಗಿ, "ನಾನು ತರದೇ ಇದ್ದಿದ್ರೆ ನೀನು ಸುಳ್ಳಿಗೆ ಸಹಿ ಹಾಕ್ತಿದ್ದೆ ಅಲ್ವೇನೇ?" ಎಂದ.

"ಹೂಂ ಕಣೋ."

"ರಾತ್ರಿ ಇಡೀ ಅದೇ ತಲೆಲಿತ್ತು."

ಒಟ್ಟು ಒಂಬತ್ತು ಸಾವಿರದ ನೂರು. ಹನ್ನೆರಡರೊಳಗೆ ಸಲೀಸಾಗಿ ಹಿಡಿಸಿತು. ಒಂದು ಪೆನ್ನಿಯೂ ತೆರಿಗೆಯಿಲ್ಲ. ಲೆಡ್ಲಿ ಪಟ್ಟಿಗೆ ತಾರೀಕು ಹಾಕಿ, ಸಹಿ ಮಾಡಿ ಕೊಟ್ಟರು. ಪ್ರೊಬೇಟ್ ಕೈಗೆ ಬರುವವರೆಗೆ ಯಾವುದನ್ನೂ ಹಂಚಬೇಡಿ ಎಂದರು. ಮೂವತ್ತೇಳು ಜನರ ವಸ್ತುಗಳೂ ಚೀಟಿ ಕಟ್ಟಿಸಿಕೊಂಡು ಆ ಮನೆಯಲ್ಲೇ ಕಾದವು. ಕಾಗದ ಬಂದ ಮೇಲೆ ರೋವೆನಾ ಒಂದೊಂದನ್ನೂ ಅವರವರ ಮನೆಗೆ ತಾನೇ ಕೊಟ್ಟು ಬಂದಳು. ಚಿತ್ರ ಡಗ್‌ಗೆ.

ಅರ್ಜಿಗೆ ಸಹಿ ಹಾಕುವಾಗ ನಾನು ಪಕ್ಕದಲ್ಲೇ ಇದ್ದೆ. ಎಲ್ಲಿ ನೋಡಿದರಲ್ಲಿ ಸಂಕೋಚಪಡುವ ಹುಡುಗಿ, ದೊಡ್ಡ ಅಕ್ಷರದಲ್ಲಿ, ಪೂರ್ತಿ ಹೆಸರು ಬರೆದಳು. ಬರೆದು, "ಮನೆ ಉಳೀತು ಅಕ್ಕಾ" ಅಂದಳು.

ನಮ್ಮ ಕಥೆ ಕೇಳಿದವರೇ, ನಿಮ್ಮ ಮನೆಯಲ್ಲೂ ಒಂದು ದಿನ ಈ ಕೆಲಸ ಬರುತ್ತದೆ. ಅಳು ಮುಗಿಯುವ ಮೊದಲೇ ಕಪಾಟು ಖಾಲಿ ಮಾಡಬೇಡಿ. ಕೋಣೆ ಕೋಣೆಯ ಫೋಟೊ ತೆಗೆದಿಡಿ. ಯಾರಾದರೂ ಏನನ್ನಾದರೂ ಒಯ್ದಿದ್ದರೆ ಕೇಳಲು ನಾಚಬೇಡಿ, ತಂದು ತೋರಿಸುತ್ತಾರೆ. ವಿಮೆಯ ಕಾಗದವನ್ನು ನಕಲು ಮಾಡಬೇಡಿ, ಅಂದಾಜಿನಲ್ಲಿ ಐನೂರೂ ಬರೆಯಬೇಡಿ. ಒಂದೂವರೆ ಸಾವಿರ ಪೌಂಡ್ ದಾಟಬಹುದು ಅನ್ನಿಸಿದ ವಸ್ತುವನ್ನು ಬಲ್ಲವರಿಗೆ ತೋರಿಸಿ, ತೀರಿಕೊಂಡ ದಿನದ ಬೆಲೆಯನ್ನು ಬರಹದಲ್ಲಿ ಪಡೆಯಿರಿ.

ಐನೂರು ಬರಿ ಎನ್ನುವವರು ನಿಮಗೂ ಸಿಗುತ್ತಾರೆ. ನಾನೇ ಅಂಥವಳಾಗಿದ್ದೆ. ಹೇಳುವಷ್ಟು ಹೇಳಿ, ಚಹಾ ಕುಡಿದು, ನಾವು ನಮ್ಮ ನಮ್ಮ ಮನೆಗೆ ಹೋಗುತ್ತೇವೆ. ಕಾಗದದ ಕೆಳಗೆ ಇರುವುದು ನಿಮ್ಮ ಹೆಸರು.